‘ಒಲ್ಲೆ’ ಎಂಬುದೂ ಒಂದು ಮಾತು

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಒಂದು ಮನೆ ಇದೆ ಎಂದು ಭಾವಿಸಿಕೊಳ್ಳಿ. ಮುತ್ಯಾ, ಆಯಿ, ಅಪ್ಪ, ಅವ್ವ, ಕಾಕಾ, ಚಿಗವ್ವ ಮತ್ತು ನಾಲ್ಕು ಮಕ್ಕಳಿರುವ ತುಂಬಿದ ಮನೆ. ಕಿರಿಯವನಿಗೆ ಈಗ ನಾಲ್ಕು ವರ್ಷ. ಇನ್ನೂ ಮಾತು ಬಂದಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ. ಚರಗಿಯೊಂದನ್ನು ಗಿರಗಿರ ತಿರುಗಿಸುತ್ತ ತಾಸುಗಟ್ಟಲೆ ಕುಳಿತಿರುತ್ತಾನೆ. ಬೇಡವಾದದ್ದು ಎದುರಿಗೆ ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ‘ಗಂಡು ಹುಡುಗರಿಗೆ ಮಾತು ತಡ, ಅವನಪ್ಪನಿಗೂ ಹಾಗೇ ಆಗಿತ್ತು’ ಎಂಬ ಹಿರಿಯರ ಸಮಾಧಾನದಲ್ಲಿ ಎರಡು ವರ್ಷ ಕಳೆದುಹೋಗಿವೆ.

ಕೊನೆಗೆ ವೈದ್ಯರು ‘ಇದು ಆಟಿಸಂ’ ಎನ್ನುತ್ತಾರೆ. ಸಾಲ ಮಾಡಿ, ದೊಡ್ಡ ನಗರವೊಂದರಲ್ಲಿ ಕೋಣೆ ಹಿಡಿದು, ತಾಯಿ ಮಗುವನ್ನು ಮೂರು ತಿಂಗಳು ತರಬೇತಿ ಕೇಂದ್ರಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಮಗು ಕುರ್ಚಿಯ ಮೇಲೆ ಕುಳಿತು ಚಿತ್ರಗಳ ಕಾರ್ಡು ನೋಡಬೇಕು. ಕಾರ್ಡಿನಲ್ಲಿ ಹಿಮದ ಬೊಂಬೆ ಇದೆ, ಕೇಕು ಇದೆ, ಬಾತುಕೋಳಿ ಇದೆ. ಮಗು ಇವು ಯಾವುದನ್ನೂ ಕಂಡಿಲ್ಲ. ತಾಯಿ ಬಾಗಿಲ ಹೊರಗೆ ಕುಳಿತಿರುತ್ತಾಳೆ. ಒಂದು ದಿನ ಮಗು ಕಾರ್ಡನ್ನು ತಳ್ಳಿ ‘ವಲ್ಲೆ’ ಎಂಬಂಥ ಒಂದು ಶಬ್ದ ಮಾಡುತ್ತದೆ. ಬೇರೆ ಸೀಮೆಯಿಂದ ಬಂದ ಚಿಕಿತ್ಸಕಿಗೆ ಅದು ಬರೀ ಶಬ್ದ. ‘ಉತ್ತರವಿಲ್ಲ’ ಎಂದು ಪಟ್ಟಿಯಲ್ಲಿ ಗುರುತು ಹಾಕುತ್ತಾಳೆ. ಒಳಗೆ ಕುಳಿತಿದ್ದರೆ ತಾಯಿಗೆ ಥಟ್ಟನೆ ತಿಳಿಯುತ್ತಿತ್ತು. ಅದು ‘ಒಲ್ಲೆ’. ಮಗು ಜೀವನದಲ್ಲಿ ಮೊದಲ ಬಾರಿಗೆ ಕೈ ಕಚ್ಚಿಕೊಳ್ಳದೆ, ಬಾಯಿ ತೆರೆದು ‘ನನಗೆ ಬೇಡ’ ಎಂದಿತ್ತು.

ಈ ಮನೆ ಕಲ್ಪಿತವಾದದ್ದು. ಆದರೆ ಇದರ ಒಂದೊಂದು ತುಣುಕೂ ನಮ್ಮ ನಡುವೆ ನಡೆಯುವಂಥದ್ದೇ. ಒಳ್ಳೆಯ ಚಿಕಿತ್ಸೆಯೂ ಮನೆಯ ಮಾತು, ಮನೆಯ ಊಟ, ಮನೆಯ ರೀತಿ ತಿಳಿಯದೆ ಹೋದರೆ ಹೇಗೆ ಕೈತಪ್ಪುತ್ತದೆ, ಅದು ತಪ್ಪದಂತೆ ಪಾಲಕರು ಏನು ಮಾಡಬಹುದು ಎಂಬುದೇ ಈ ವಾರದ ವಿಷಯ.

ಆಟಿಸಂ ಎಂದರೇನು?

ಆಟಿಸಂ ಅಥವಾ ಸ್ವಲೀನತೆ ಎಂಬುದು ಮಿದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇದನ್ನು ವಿವರಿಸಿದರು. ಇತರರೊಡನೆ ಬೆರೆಯುವುದರಲ್ಲಿ, ಮಾತು ಮತ್ತು ಸನ್ನೆಯ ಬಳಕೆಯಲ್ಲಿ ತೊಡಕು. ಒಂದೇ ಚಲನೆ, ಒಂದೇ ಆಟ, ಒಂದೇ ಕ್ರಮವನ್ನು ಬಿಡದೆ ಹಿಡಿಯುವುದು. ಶಬ್ದ, ಬೆಳಕು, ಸ್ಪರ್ಶ, ರುಚಿಗಳನ್ನು ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಅನುಭವಿಸುವುದು ಇದರ ಮುಖ್ಯ ಲಕ್ಷಣಗಳು. 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂದರೆ ಇದು ಅಪರೂಪದ ಕಾಯಿಲೆಯಲ್ಲ. ನಿಮ್ಮ ಓಣಿಯಲ್ಲೂ ಇರಬಹುದು.

ಇದಕ್ಕೆ ತಾಯಿಯ ತಪ್ಪು ಕಾರಣವಲ್ಲ. ತಾಯಿ ಪ್ರೀತಿ ತೋರದಿದ್ದರೆ ಮಗು ಹೀಗಾಗುತ್ತದೆ ಎಂಬ ವಾದ ಒಂದು ಕಾಲಕ್ಕೆ ಪಶ್ಚಿಮದ ದೇಶಗಳಲ್ಲೇ ಪ್ರಬಲವಾಗಿತ್ತು. ಅದು ಸುಳ್ಳೆಂದು ಸಾಬೀತಾಗಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ಸೂಚಿಸಿ 1998ರಲ್ಲಿ ಪ್ರಕಟವಾಗಿದ್ದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಗ್ರಹಣ ನೋಡಿದ್ದು, ಬಸುರಿಯಲ್ಲಿ ಹೆದರಿದ್ದು, ಯಾರದೋ ಶಾಪ ಇವೂ ಕಾರಣಗಳಲ್ಲ. ಸೊಸೆಯನ್ನು ದೂರುವ ಮನೆಯವರು ಈ ಸಾಲುಗಳನ್ನು ಎರಡು ಸಲ ಓದಬೇಕಾಗಿ ವಿನಂತಿ.

ನಡವಳಿಕೆಯ ಲೆಕ್ಕ

ಆಟಿಸಂ ಇರುವ ಮಕ್ಕಳಿಗೆ ನೀಡುವ ತರಬೇತಿಗಳಲ್ಲಿ ಹೆಸರಾದದ್ದು ಅನ್ವಯಿಕ ವರ್ತನಾ ವಿಶ್ಲೇಷಣೆ. ಹೆಸರು ಭಾರವಾದರೂ ತತ್ವ ಸರಳ. ಯಾವ ನಡವಳಿಕೆಯಿಂದ ನಮಗೆ ಬೇಕಾದದ್ದು ಸಿಗುತ್ತದೆಯೋ ಆ ನಡವಳಿಕೆ ಬೆಳೆಯುತ್ತದೆ. ಏನೂ ಸಿಗದಿದ್ದರೆ ಅದು ನಿಧಾನವಾಗಿ ಕರಗುತ್ತದೆ. ಆದ್ದರಿಂದ ಚಿಕಿತ್ಸಕರು ಮೂರು ಪ್ರಶ್ನೆ ಕೇಳುತ್ತಾರೆ: ಮೊದಲು ಏನಾಯಿತು? ಮಗು ಏನು ಮಾಡಿತು? ಆಮೇಲೆ ಅದಕ್ಕೆ ಏನು ಸಿಕ್ಕಿತು?

ನಮ್ಮ ಕಥೆಯ ಹುಡುಗನನ್ನೇ ನೋಡಿ. ಹಿಟ್ಟಿನ ಗಿರಣಿಯ ಹತ್ತಿರ ಹೋದಾಗಲೆಲ್ಲ ಕೈ ಕಚ್ಚಿಕೊಳ್ಳುತ್ತಾನೆ. ಅವ್ವ ಗಾಬರಿಯಾಗಿ ಎತ್ತಿಕೊಂಡು ಮನೆಗೆ ಓಡುತ್ತಾಳೆ. ಸದ್ದಿನಿಂದ ಪಾರಾದ ಕೂಡಲೆ ಅವನು ಸುಮ್ಮನಾಗುತ್ತಾನೆ. ಕೈ ಕಚ್ಚಿಕೊಂಡರೆ ಈ ಸದ್ದಿನಿಂದ ಬಿಡುಗಡೆ ಎಂಬ ಪಾಠ ಅವನಿಗೆ ಸಿಕ್ಕಿತು. ಇದು ಹಟವಲ್ಲ, ದೆವ್ವವಲ್ಲ, ಲೆಕ್ಕ. ಮಕ್ಕಳು ಹೀಗೆ ಮಾಡುವುದು ಸಾಮಾನ್ಯವಾಗಿ ನಾಲ್ಕು ಕಾರಣಗಳಿಗೆ. ಬೇಕಾದ ವಸ್ತು ಪಡೆಯಲು, ಯಾರಾದರೂ ತನ್ನ ಕಡೆ ನೋಡಲೆಂದು, ಬೇಡವಾದದ್ದರಿಂದ ಪಾರಾಗಲು, ಅಥವಾ ಆ ಕ್ರಿಯೆಯೇ ಮೈಗೆ ಹಿತವೆನಿಸುವುದರಿಂದ. ಕಾರಣ ತಿಳಿದರೆ ಉಪಾಯವೂ ಹೊಳೆಯುತ್ತದೆ. ಕೈ ಕಚ್ಚುವ ಬದಲು ‘ಒಲ್ಲೆ’ ಎನ್ನಲು, ಮಾತು ಬಾರದಿದ್ದರೆ ಕೈ ಅಲ್ಲಾಡಿಸಲು ಕಲಿಸಬೇಕು. ಮಗು ಹಾಗೆಂದ ತಕ್ಷಣ ಗಿರಣಿಯಿಂದ ದೂರ ಕರೆದೊಯ್ಯಬೇಕು. ಕೆಲವೇ ದಿನಗಳಲ್ಲಿ ಹಲ್ಲಿನ ಕೆಲಸವನ್ನು ಮಾತು ಮಾಡತೊಡಗಬಹುದು. ಹೊಟ್ಟೆನೋವು, ಕಿವಿನೋವು, ಹಲ್ಲುನೋವು ಇದ್ದರೂ ಮಕ್ಕಳು ಹೀಗೆ ಮಾಡುವುದುಂಟು. ಆದುದರಿಂದ ಮೊದಲು ವೈದ್ಯರಿಗೆ ತೋರಿಸುವುದನ್ನು ಮರೆಯಬಾರದು.

ಹುಟ್ಟಿದ ನೆಲ ಬೇರೆ

ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಐವರ್ ಲೋವಾಸ್, ವಾರಕ್ಕೆ 40 ತಾಸು ಒಬ್ಬೊಬ್ಬ ಮಗುವಿಗೂ ತರಬೇತಿ ನೀಡಿ, 19 ಮಕ್ಕಳಲ್ಲಿ 9 ಮಕ್ಕಳು ಗಣನೀಯವಾಗಿ ಸುಧಾರಿಸಿದರೆಂದು ವರದಿ ಮಾಡಿದರು. ಆ ಅಧ್ಯಯನದ ರೀತಿಯನ್ನು ನಂತರದ ತಜ್ಞರು ಪ್ರಶ್ನಿಸಿದ್ದಾರೆ. ಆ ಕಾಲದಲ್ಲಿ ಗದರುವುದು, ಹೊಡೆಯುವುದು ಕೂಡ ಚಿಕಿತ್ಸೆಯ ಭಾಗವಾಗಿತ್ತು. ಇಂದು ಅದನ್ನು ಯಾವ ಒಳ್ಳೆಯ ಚಿಕಿತ್ಸಕರೂ ಒಪ್ಪುವುದಿಲ್ಲ. ಈ ತರಬೇತಿ ಪಡೆದು ಬೆಳೆದ ಆಟಿಸಂ ಉಳ್ಳ ವ್ಯಕ್ತಿಗಳೇ ‘ನಮ್ಮನ್ನು ಎಲ್ಲರಂತೆ ಕಾಣಿಸಲು ಹೋಗಿ ನಮ್ಮ ಸಂಕಟವನ್ನು ಕೇಳಲಿಲ್ಲ’ ಎಂದು ಹೇಳಿಕೊಂಡಿದ್ದಾರೆ. ಆ ಮಾತಿಗೆ ಬೆಲೆ ಕೊಡಬೇಕು.

ಇನ್ನೊಂದು ಕೊರತೆಯನ್ನು ಆ ಕ್ಷೇತ್ರದವರೇ ತಡವಾಗಿ ಗುರುತಿಸಿದರು. ಪಾಠಗಳನ್ನು ರೂಪಿಸಿದ್ದು ಬಹುಮಟ್ಟಿಗೆ ಇಂಗ್ಲಿಷ್ ಮಾತನಾಡುವ, ಅಪ್ಪ ಅಮ್ಮ ಮಕ್ಕಳಷ್ಟೇ ಇರುವ ಮನೆಗಳಿಗಾಗಿ. ಬೇರೆ ಭಾಷೆ, ಬೇರೆ ರೀತಿಯ ಕುಟುಂಬಗಳಿಗೆ ಅವನ್ನು ಹಾಗೆಯೇ ಹೊದಿಸಿದರೆ ಹೊಂದುವುದಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ಅಮೆರಿಕದ ವರ್ತನಾ ವಿಶ್ಲೇಷಕರ ನೀತಿ ಸಂಹಿತೆಯಲ್ಲಿ, ಕುಟುಂಬದ ಸಂಸ್ಕೃತಿಯನ್ನು ಅರಿತು ಅದಕ್ಕೆ ಸ್ಪಂದಿಸುವುದು ಚಿಕಿತ್ಸಕರ ಕರ್ತವ್ಯವೆಂದು ಸ್ಪಷ್ಟವಾಗಿ ಬರೆಯಲಾಗಿದೆ. ಆ ಕರ್ತವ್ಯ ಗೋಗಿಯಂಥ ಊರಿನಲ್ಲಿ ಹೇಗಿರುತ್ತದೆ ಎಂದು ನೋಡೋಣ.

ಯಾವ ಹೆಸರು ಹಿಡಿದು ಕರೆದಿರಿ?

‘ಹೆಸರು ಕರೆದರೆ ತಿರುಗಿ ನೋಡುತ್ತದೆಯೇ?’ ಇದು ಆಟಿಸಂ ಪತ್ತೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು. ಆದರೆ ನಮ್ಮ ಕಡೆ ಮೊಮ್ಮಗನಿಗೆ ಮುತ್ಯಾನ ಹೆಸರು ಇಡುವುದು ರೂಢಿ. ಸೊಸೆ ಮಾವನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಹಾಗಾಗಿ ಮಗು ಮನೆಯಲ್ಲಿ ‘ತಮ್ಮಾ’, ‘ಅಪ್ಪೂ’ ಎಂದು ಕರೆಸಿಕೊಂಡೇ ಬೆಳೆಯುತ್ತದೆ. ಕೇಂದ್ರದಲ್ಲಿ ದಾಖಲೆ ನೋಡಿ ಆಧಾರ್ ಕಾರ್ಡಿನ ಹೆಸರು ಕೂಗಿದರೆ ಯಾವ ಮಗುವೂ ತಿರುಗಲಾರದು. ಇದೊಂದೇ ಕಾರಣಕ್ಕೆ ಯಾರಿಗೂ ಆಟಿಸಂ ಎಂಬ ಹಣೆಪಟ್ಟಿ ಬೀಳಬಾರದು. ಅದೇ ರೀತಿ ‘ಹೆಸರು ಬೇರೆ, ಅದಕ್ಕೇ ತಿರುಗಲಿಲ್ಲ’ ಎಂದು ನಿಜವಾದ ಲಕ್ಷಣವನ್ನು ತಳ್ಳಿಹಾಕಲೂ ಬಾರದು. ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂಬುದನ್ನು ಮೊದಲ ದಿನವೇ ಹೇಳಿರಿ.

ಕಣ್ಣು ಕೊಟ್ಟು ನೋಡುವುದೂ ಹಾಗೆಯೇ. ಹಿರಿಯರ ಮುಂದೆ ತಲೆ ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ. ‘ನನ್ನ ಕಣ್ಣು ನೋಡು’ ಎಂದು ಗಲ್ಲ ಹಿಡಿದು ಎತ್ತುವ ಪಾಠ ಹಲವು ಆಟಿಸಂ ಮಕ್ಕಳಿಗೆ ಹಿಂಸೆಯೂ ಹೌದು. ಗಮನ ಇತ್ತ ಇದೆಯೇ ಎಂಬುದು ಮುಖ್ಯ. ಮಗು ನೀವು ತೋರಿಸಿದ ಎತ್ತಿನ ಕಡೆ ತಿರುಗಿ, ಮತ್ತೆ ನಿಮ್ಮ ಮುಖ ನೋಡಿತೆಂದರೆ ಅಷ್ಟೇ ದೊಡ್ಡ ಗೆಲುವು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯನ್ನು ನಾವು ‘ಬಲು ಶಾಣೆ, ಗದ್ದಲವಿಲ್ಲ’ ಎಂದು ಹೊಗಳುತ್ತೇವೆ. ಅದರಿಂದಲೇ ಹುಡುಗಿಯರಲ್ಲಿ ಆಟಿಸಂ ಪತ್ತೆಯಾಗುವುದು ತಡ.

ಎರಡು ಭಾಷೆಯ ಮನೆ

ಗೋಗಿ ಸಣ್ಣ ಊರಾದರೂ ಇತಿಹಾಸ ದೊಡ್ಡದು. ಚಂದಾ ಹುಸೇನಿ ದರ್ಗಾದ ಮಗ್ಗುಲಲ್ಲೇ ವಿಜಾಪುರದ ಆದಿಲ್‌ಶಾಹಿ ಮನೆತನದ ಮೊದಲ ಅರಸರ ಸಮಾಧಿಗಳಿವೆ. ಇಂಥ ಊರುಗಳಲ್ಲಿ ಕನ್ನಡ ಮತ್ತು ದಖನಿ ಉರ್ದು ಶತಮಾನಗಳಿಂದ ಒಂದೇ ಓಣಿಯಲ್ಲಿವೆ. ಮನೆಯಲ್ಲಿ ಅಮ್ಮೀ, ದಾದಿ ಎನ್ನುವ ಮಗು ಕಟ್ಟೆಯ ಮೇಲೆ ಕನ್ನಡದಲ್ಲಿ ಆಡುತ್ತದೆ. ಶಾಲೆಗೆ ಹೋದರೆ ಪುಸ್ತಕದ ಕನ್ನಡ, ಅದರ ಮೇಲೆ ಇಂಗ್ಲಿಷ್.

‘ಒಂದೇ ಭಾಷೆ ಮಾತನಾಡಿ, ಇಲ್ಲದಿದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ’ ಎಂಬ ಸಲಹೆಯನ್ನು ಹಲವು ಪಾಲಕರು ಕೇಳಿರುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಮಕ್ಕಳ ಮಾತಿಗೆ ಹಾನಿಯಾಗುತ್ತದೆಂದು ಸಂಶೋಧನೆಗಳಲ್ಲಿ ಕಂಡುಬಂದಿಲ್ಲ. ಹಾನಿಯಾಗುವುದು ಮನೆಯ ಭಾಷೆಯನ್ನು ಬಿಡಿಸಿದಾಗ. ಹರಕುಮುರುಕು ಇಂಗ್ಲಿಷಿನಲ್ಲಿ ‘ಕಮ್’, ‘ಸಿಟ್’, ‘ನೋ’ ಎಂದಷ್ಟೇ ಹೇಳುವ ತಾಯಿ, ತನ್ನ ಭಾಷೆಯಲ್ಲಾದರೆ ಮಗುವಿನೊಡನೆ ದಿನವಿಡೀ ಮಾತನಾಡುತ್ತಿದ್ದಳು, ಹಾಡುತ್ತಿದ್ದಳು, ಗದರಿ ನಗಿಸುತ್ತಿದ್ದಳು. ಇಂಗ್ಲಿಷ್ ಕಲಿತ ಮಗು ಆಯಿಯ ಹತ್ತಿರ ನೀರು ಕೇಳಲಾರದು. ಕೇಳಿದರೆ ಆಯಿಗೆ ತಿಳಿಯದು. ಉತ್ತರ ಸಿಗದ ಮಾತು ಬೆಳೆಯುವುದಿಲ್ಲ. ಮೇಲೆ ಹೇಳಿದ ತತ್ವವೇ ಇಲ್ಲಿಯೂ ಅನ್ವಯಿಸುತ್ತದೆ.

ಕನ್ನಡ ಎಂದರೂ ಎಲ್ಲ ಕನ್ನಡ ಒಂದೇ ಅಲ್ಲ. ಬೆಂಗಳೂರಿನ ‘ಬೇಡ’ ಇಲ್ಲಿ ‘ಒಲ್ಲೆ’ ಅಥವಾ ‘ಬ್ಯಾಡ’. ಅಲ್ಲಿನ ‘ತಟ್ಟೆ’ ಇಲ್ಲಿ ‘ಗಂಗಾಳ’. ಅವ್ವನಿಗೆ ‘ನೀರು ಕೊಡ’ ಎನ್ನಬಹುದು. ಶಾಲೆಯ ಗುರುಗಳಿಗೆ ‘ನೀರು ಕೊಡ್ರಿ’ ಎನ್ನಬೇಕು. ಈ ‘ರಿ’ ಇಲ್ಲದೆ ಕಲಿತ ಮಗುವನ್ನು ಊರು ಉದ್ಧಟ ಎನ್ನುತ್ತದೆ. ಆದ್ದರಿಂದ ಕಲಿಸುವ ಮೊದಲ ಇಪ್ಪತ್ತು ಮಾತುಗಳನ್ನು ಮನೆಯವರೇ ಆರಿಸಲಿ. ಚಿತ್ರದ ಕಾರ್ಡು ಬೇಕೆಂದರೆ ಮೊಬೈಲಿನಲ್ಲಿ ನಿಮ್ಮದೇ ಚರಗಿ, ನಿಮ್ಮದೇ ಆಡು, ನಿಮ್ಮದೇ ರೊಟ್ಟಿಬುಟ್ಟಿಯ ಚಿತ್ರ ತೆಗೆಯಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಭಾಷೆಗಳಲ್ಲೇ ಮಾತಿನ ಪರೀಕ್ಷೆ, ತರಬೇತಿಗಳನ್ನು ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ ಅವರು ರೂಪಿಸಿದ ‘ಕಮ್ಯುನಿಕೇಶನ್ ಡಿ.ಇ.ಎ.ಎಲ್.ಎಲ್.’ ಕಾರ್ಯಕ್ರಮವೂ ನಮ್ಮ ಪರಿಸ್ಥಿತಿಯನ್ನು ಕಂಡು, ಶಾಲೆಗೆ ಸೇರುವ ಮುಂಚಿನ ಮಕ್ಕಳನ್ನು ಗುಂಪಿನಲ್ಲಿ ಕಲಿಸುವಂತೆ, ಪಾಲಕರನ್ನು ಸೇರಿಸಿಕೊಳ್ಳುವಂತೆ ಕಟ್ಟಿದ್ದು. ಹೊರಗಿನದನ್ನು ತಂದು ನಮ್ಮದಾಗಿಸಿಕೊಳ್ಳುವುದು ಸಾಧ್ಯ ಎಂಬುದಕ್ಕೆ ಇವು ಸಾಕ್ಷಿ.

ಶಾಬಾಷ್ ಮತ್ತು ದೃಷ್ಟಿ

ವರ್ತನಾ ಚಿಕಿತ್ಸೆಯ ಬೆನ್ನೆಲುಬು ಮೆಚ್ಚುಗೆ. ಮಗು ಸರಿಯಾದದ್ದನ್ನು ಮಾಡಿದ ಕ್ಷಣವೇ ಚಪ್ಪಾಳೆ ತಟ್ಟಿ ಹೊಗಳಬೇಕು ಎನ್ನುತ್ತಾರೆ. ಆದರೆ ನಾಲ್ಕು ಜನರ ಮುಂದೆ ಮಗುವನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬ ಅಳುಕು ನಮ್ಮ ತಾಯಂದಿರಲ್ಲಿ ಇದೆ. ಮೊದಲೇ ಮಾತು ಬಾರದ ಮಗು, ಇನ್ನು ಹೊಗಳಿ ಕೆಡಿಸಲೇ ಎಂದು ಆಕೆ ಬಾಯಿ ಬಿಗಿಹಿಡಿಯುತ್ತಾಳೆ. ಚಿಕಿತ್ಸಕಿ ‘ಈ ತಾಯಿಗೆ ಆಸಕ್ತಿಯಿಲ್ಲ’ ಎಂದು ಬರೆದುಕೊಳ್ಳುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ತಪ್ಪು ತಿಳಿದರು!

ದೃಷ್ಟಿ ನಿಜವೋ ಸುಳ್ಳೋ ಎಂದು ಇಲ್ಲಿ ವಾದಿಸಬೇಕಾಗಿಲ್ಲ. ಮೆಚ್ಚುಗೆಗೆ ಚಪ್ಪಾಳೆಯೇ ಬೇಕೆಂದಿಲ್ಲ. ಬೆನ್ನು ಸವರುವುದು, ಎತ್ತಿ ತಿರುಗಿಸುವುದು, ಕಿವಿಯಲ್ಲಿ ಮೆಲ್ಲಗೆ ‘ಶಾಣ್ಯಾ’ ಎನ್ನುವುದು, ಇವೂ ಮೆಚ್ಚುಗೆಯೇ. ಹೊಗಳಿದ ಮೇಲೆ ಆಯಿ ಉಪ್ಪು ಮೆಣಸಿನಕಾಯಿ ಇಳಿ ತೆಗೆದರೆ ಚಿಕಿತ್ಸೆಗೇನೂ ನಷ್ಟವಿಲ್ಲ.

ಬಹುಮಾನದ ತಿನಿಸೂ ಅಷ್ಟೆ. ವಿದೇಶಿ ಚಾಕೊಲೇಟು ಬೇಕಿಲ್ಲ. ಚುರುಮುರಿ, ಹುರಿದ ಶೇಂಗಾ, ಬೆಲ್ಲದ ಚೂರು ಸಾಕು (ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕುತ್ತದೆ, ಪುಡಿ ಮಾಡಿ ಕೊಡಿ). ಮೊಟ್ಟೆ ತಿನ್ನದ ಮನೆಯ ಮಗುವಿಗೆ ಕೇಕಿನ ತುಂಡು ಕೊಟ್ಟರೆ ಮನೆಯವರು ಮರುದಿನ ಬರುವುದಿಲ್ಲ. ಕಾರಣವನ್ನೂ ಹೇಳುವುದಿಲ್ಲ. ಕೇಳಿ ಕೊಡುವುದು ಚಿಕಿತ್ಸಕರ ಕೆಲಸ, ಮೊದಲೇ ಹೇಳುವುದು ನಿಮ್ಮ ಕೆಲಸ.

ಮನೆಯವರೆಲ್ಲ ಗುರುಗಳು

ಕೂಡುಕುಟುಂಬ ಈ ಚಿಕಿತ್ಸೆಗೆ ವರವೂ ಹೌದು, ತೊಡಕೂ ಹೌದು. ಅವ್ವ ‘ಕೇಳಿದರೆ ಮಾತ್ರ ಕೊಡುತ್ತೇನೆ’ ಎಂದು ಬಿಸ್ಕತ್ತು ಹಿಡಿದು ಕಾಯುತ್ತಿರುವಾಗ, ಮಗು ಅತ್ತ ಕೂಡಲೆ ಮುತ್ಯಾ ಕಿಸೆಯಿಂದ ಪೆಪ್ಪರಮೆಂಟು ತೆಗೆದು ಬಾಯಿಗೆ ಹಾಕುತ್ತಾನೆ. ಅಳು ಗೆದ್ದಿತು. ಸೊಸೆಯಾದವಳು ಮಾವನಿಗೆ ‘ಕೊಡಬೇಡಿ’ ಎನ್ನಲಾರಳು. ಎಂದರೆ ಮನೆಯಲ್ಲಿ ಮಾತು ಬೆಳೆಯುತ್ತದೆ.

ಇಲ್ಲಿ ಜಾಣ ಚಿಕಿತ್ಸಕರು ಮಾಡುವುದೇನು? ಮುತ್ಯಾನನ್ನು ದೂರ ಇಡುವುದಿಲ್ಲ, ಅವರಿಗೇ ಪಾಠದ ಹೊಣೆ ಕೊಡುತ್ತಾರೆ. ‘ಮುತ್ಯಾ, ಹುಡುಗ ನಿಮ್ಮ ಮಾತು ಕೇಳುತ್ತಾನ್ರಿ. ಪೆಪ್ಪರಮೆಂಟು ನಿಮ್ಮ ಹತ್ತಿರವೇ ಇರಲಿ. ಕೈ ಮುಂದೆ ಚಾಚಿ ಕೇಳಿದಾಗ ಮಾತ್ರ ಕೊಡ್ರಿ’ ಎಂದು ಅವರ ಮುಂದೆಯೇ ವಿನಂತಿಸುತ್ತಾರೆ. ಹಿರಿಯರ ಮರ್ಯಾದೆ ಉಳಿಯಿತು, ಪಾಠವೂ ನಡೆಯಿತು. ತಾಯಿಯ ಮೇಲಿನ ಭಾರವೂ ಇಳಿಯಿತು.

ಏನನ್ನು ಕಲಿಸಬೇಕು ಎಂಬುದನ್ನೂ ಮನೆಯೇ ನಿರ್ಧರಿಸಬೇಕು. ನಾಲ್ಕು ವರ್ಷದ ಮಗು ಒಂಟಿಯಾಗಿ ಮಲಗಬೇಕು, ಚಮಚದಲ್ಲಿ ಉಣ್ಣಬೇಕು ಎಂಬುದು ಬೇರೆ ದೇಶದ ಪಟ್ಟಿ. ನಮ್ಮಲ್ಲಿ ಮಗು ಅವ್ವನ ಮಗ್ಗುಲಲ್ಲಿ ಮಲಗುತ್ತದೆ, ಕೈಯಲ್ಲಿ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ತಿನ್ನುತ್ತದೆ. ಕೂತು ರೊಟ್ಟಿ ಮುರಿಯುವುದು, ಉಂಡ ಗಂಗಾಳ ಎತ್ತಿಡುವುದು, ಚರಗಿಯಲ್ಲಿ ನೀರು ಹಿಡಿದು ತೊಳೆದುಕೊಳ್ಳುವುದು, ಬಂದವರಿಗೆ ಕೈ ಮುಗಿಯುವುದು ಅಥವಾ ಸಲಾಂ ಎನ್ನುವುದು, ಹೊಸ್ತಿಲು ದಾಟಿ ರಸ್ತೆಗೆ ಓಡದಿರುವುದು ಈ ಮನೆಯಲ್ಲಿ ಬೇಕಾದ ಪಾಠಗಳು.

ತಾಸುಗಳ ಲೆಕ್ಕವನ್ನೂ ನೋಡಿ. ವಾರಕ್ಕೆ 40 ತಾಸು ಎಂದರೆ ಹತ್ತಿ ಬಿಡಿಸುವ, ತೊಗರಿ ರಾಶಿಯ ದಿನಗಳಲ್ಲಿ ಯಾವ ತಾಯಿಗೂ ಆಗದ ಮಾತು. ಆದರೆ ಎರೆಯುವಾಗ ಹತ್ತು ನಿಮಿಷ, ಉಣ್ಣುವಾಗ ಹತ್ತು ನಿಮಿಷ, ಆಡಿಗೆ ಮೇವು ಹಾಕುವಾಗ ಹತ್ತು ನಿಮಿಷ, ಹಾಸಿಗೆಯಲ್ಲಿ ಹತ್ತು ನಿಮಿಷ ಎಲ್ಲರಿಗೂ ಸಾಧ್ಯ. ನೀರು ಹಾಕುವ ಮುನ್ನ ಚರಗಿ ಎತ್ತಿ ಹಿಡಿದು ನಿಲ್ಲಿ. ಮಗು ನೋಡಲಿ, ಕೈ ಮಾಡಲಿ, ‘ನೀ’ ಎನ್ನಲಿ. ಆಗ ಸುರಿಯಿರಿ. ಇದೇ ಪಾಠ.

ದರ್ಗಾ, ಗುಡಿ, ಆಸ್ಪತ್ರೆ

ಮಗುವಿಗೆ ಮಾತು ಬರಲೆಂದು ಹರಕೆ ಹೊರದ ಮನೆ ಯಾವುದು? ಮನೆಯವರು ದರ್ಗಾಕ್ಕೂ ಹೋಗುತ್ತಾರೆ, ಗುಡಿಗೂ ಹೋಗುತ್ತಾರೆ, ಸ್ವಾಮಿಗಳ ಹತ್ತಿರವೂ ಹೋಗುತ್ತಾರೆ. ಇದನ್ನು ಕೇಳಿದ ಕೂಡಲೆ ಗದರುವ ಚಿಕಿತ್ಸಕರ ಬಳಿ ಪಾಲಕರು ಮುಂದೆ ಏನನ್ನೂ ಹೇಳುವುದಿಲ್ಲ. ಹರಕೆಯಿಂದ ತಾಯಿಗೆ ಧೈರ್ಯ ಬರುವುದಾದರೆ ಬರಲಿ. ಹರಕೆ ತೀರಿಸುವ ತನಕ ತರಬೇತಿ ನಿಲ್ಲಿಸಬಾರದು ಎಂಬುದಷ್ಟೇ ನಮ್ಮ ವಿನಂತಿ. ಉರುಸು, ಜಾತ್ರೆಗಳ ಗದ್ದಲ ಮಗುವಿಗೆ ತಡೆಯದು ಎಂದಾದರೆ ಜನ ಕಡಿಮೆ ಇರುವ ಹೊತ್ತಿಗೆ ಕರೆದೊಯ್ಯಿರಿ. ಉಪವಾಸದ ತಿಂಗಳಲ್ಲಿ ಪಾಠದ ಹೊತ್ತು ಬದಲಿಸಿಕೊಳ್ಳಿ.

ಆದರೆ ಸಂಸ್ಕೃತಿಗೆ ಸ್ಪಂದಿಸುವುದೆಂದರೆ ಎಲ್ಲದಕ್ಕೂ ತಲೆ ಬಾಗಿಸುವುದಲ್ಲ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸುವುದು, ಕಟ್ಟಿಹಾಕುವುದು, ಹೊಡೆಯುವುದು, ದೆವ್ವ ಬಿಡಿಸಲು ಹೊಗೆ ಹಾಕುವುದು, ದೊಡ್ಡವರಾದಾಗ ಮದುವೆ ಮಾಡಿದರೆ ಸರಿಹೋಗುತ್ತದೆಂದು ಇನ್ನೊಬ್ಬರ ಬದುಕನ್ನೂ ಕೆಡಿಸುವುದು, ಇವು ಯಾವ ಕಾರಣಕ್ಕೂ ಸಲ್ಲವು. ‘ಖಂಡಿತ ಗುಣಪಡಿಸುತ್ತೇವೆ’ ಎಂದು ದುಬಾರಿ ಇಂಜೆಕ್ಷನ್, ಕಾಂಡಕೋಶ ಚಿಕಿತ್ಸೆ ಮಾರುವವರೂ ಬರೆ ಹಾಕುವವರಿಗಿಂತ ಹೆಚ್ಚೇನೂ ಭಿನ್ನರಲ್ಲ. ಆಟಿಸಂ ಅನ್ನು ಇಲ್ಲವಾಗಿಸುವ ಔಷಧಿ ಇಲ್ಲ. ಕಲಿಕೆಯಿಂದ ಬದುಕು ಹಗುರವಾಗುತ್ತದೆ. ಚಿಕಿತ್ಸೆಯ ಹೆಸರಿನಲ್ಲಿ ಅಳುವ ಮಗುವನ್ನು ಒತ್ತಿ ಕೂರಿಸಿದರೂ ಅದು ತಪ್ಪೇ. ಅಲ್ಲಿ ‘ಒಲ್ಲೆ’ ಎನ್ನುವ ಹಕ್ಕು ಮಗುವಿಗೆ ಇದೆ.

ದೂರದ ಊರಿಗೆ ಯಾರು ಬರಬೇಕು?

ತಜ್ಞರೆಲ್ಲ ನಗರದಲ್ಲಿದ್ದಾರೆ, ನಾವು ಹಳ್ಳಿಯಲ್ಲಿದ್ದೇವೆ ಎಂಬ ಕೊರಗು ನ್ಯಾಯವಾದದ್ದೇ. ಹಿಂದೊಮ್ಮೆ ಮಾನಸಿಕ ರೋಗದ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಉತ್ತರ ಸಿಕ್ಕಿದ್ದು ನಮ್ಮ ಭಾಗದಲ್ಲೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಆಟಿಸಂಗೂ ಇದು ಸಾಧ್ಯವೇ? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಹುಟ್ಟಿದ ಪಾಲಕ ತರಬೇತಿಯೊಂದನ್ನು ಅಲ್ಲಿನ ಭಾಷೆ, ಮನೆಗಳಿಗೆ ಹೊಂದಿಸಿ, ತಜ್ಞರಲ್ಲದ ತರಬೇತಾದ ಕಾರ್ಯಕರ್ತರು ಮನೆಗೇ ಹೋಗಿ ಕಲಿಸಿದರು. ಒಟ್ಟು 65 ಮಕ್ಕಳ ಈ ಅಧ್ಯಯನದಲ್ಲಿ, ತರಬೇತಿ ಪಡೆದ ಪಾಲಕರು ಮಗುವಿನ ಜಾಡು ಹಿಡಿದು ಸ್ಪಂದಿಸುವುದನ್ನು ಕಲಿತರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಇದು ವರ್ತನಾ ವಿಶ್ಲೇಷಣೆಯ ಪದ್ಧತಿಯಲ್ಲ. ಆದರೂ ಊರಿಗೆ ಹೊಂದಿಸಿದ ಚಿಕಿತ್ಸೆಯನ್ನು ಊರಿನವರೇ ನೀಡಬಹುದು ಎಂಬ ಪಾಠ ಎಲ್ಲ ಪದ್ಧತಿಗಳಿಗೂ ಸಲ್ಲುತ್ತದೆ. ನಮ್ಮ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಆ ಕೆಲಸಕ್ಕೆ ಹೇಳಿ ಮಾಡಿಸಿದಂಥವರು.

ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಮುಂಬಯಿ, ಪುಣೆಗೆ ಗುಳೆ ಹೋಗುವ ಕುಟುಂಬಗಳು ಬಹಳ. ಅಂಥವರು ಒಂದು ನೂರು ಪುಟದ ನೋಟುಬುಕ್ಕು ಇಟ್ಟುಕೊಳ್ಳಲಿ. ಮಗು ಏನು ಕಲಿತಿದೆ, ಯಾವ ಮಾತಿಗೆ ಏನು ಅರ್ಥ, ಏನು ಕಂಡರೆ ಹೆದರುತ್ತದೆ, ಯಾವುದಕ್ಕೆ ನಗುತ್ತದೆ ಎಂದು ಬರೆಸಿರಿ. ಅಕ್ಷರ ಬಾರದಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಹೊಸ ಊರಿನಲ್ಲಿ ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ.

ಯಾವಾಗ, ಎಲ್ಲಿ ತೋರಿಸಬೇಕು?

ಒಂದು ವರ್ಷಕ್ಕೆ ತೊದಲು, ಬೆರಳು ಮಾಡಿ ತೋರಿಸುವುದು ಇಲ್ಲದಿದ್ದರೆ. ಹದಿನಾರು ತಿಂಗಳಿಗೆ ಒಂದೂ ಮಾತು ಬಾರದಿದ್ದರೆ. ಎರಡು ವರ್ಷಕ್ಕೆ ‘ಅವ್ವಾ ಬಾ’ ಎಂಬಂಥ ಎರಡು ಪದ ಕೂಡಿಸದಿದ್ದರೆ. ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋದರೆ ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುವ ಏರ್ಪಾಡು ಇದೆ. ಅಂಗನವಾಡಿಯಲ್ಲಿ ವಿಚಾರಿಸಿ. ಪಾಲಕರ ಮನಸ್ಸೇ ಕುಸಿದರೆ 14416ಕ್ಕೆ ಉಚಿತವಾಗಿ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತನಾಡಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಕೊಡುವಾಗ 40 ಅಂಶಗಳ ಭಾರತೀಯ ಮಾಪಕವನ್ನು ಬಳಸುತ್ತಾರೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ನೆರವು ಇದ್ದು, ತರಬೇತಿಯ ವೆಚ್ಚಕ್ಕೂ ಅದರಲ್ಲಿ ಭಾಗವಿದೆ.

ಚಿಕಿತ್ಸಕರನ್ನು ಇವಿಷ್ಟು ಕೇಳಿ

ಕೇಳುವುದಕ್ಕೆ ಸಂಕೋಚ ಬೇಡ. ಹಣವೂ ನಿಮ್ಮದು, ಮಗುವೂ ನಿಮ್ಮದು.

1. ನೀವು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದೀರಾ? ಯಾವ ತರಬೇತಿ ಪಡೆದಿದ್ದೀರಿ?

2. ನಮ್ಮ ಮನೆಯ ಭಾಷೆಯಲ್ಲಿ ಕಲಿಸುತ್ತೀರಾ? ಬಾರದಿದ್ದರೆ ನಮ್ಮನ್ನು ಜೊತೆಗೆ ಕೂರಿಸಿಕೊಳ್ಳುತ್ತೀರಾ?

3. ಮುಂದಿನ ಮೂರು ತಿಂಗಳಲ್ಲಿ ಏನು ಕಲಿಸುತ್ತೀರಿ? ಅದರಲ್ಲಿ ನಾವು ಆರಿಸಿದ್ದು ಎಷ್ಟು?

4. ಮಗು ಅತ್ತರೆ, ಒಲ್ಲೆ ಎಂದರೆ ಏನು ಮಾಡುತ್ತೀರಿ?

5. ನಾವು ಊರಿಗೆ ಹೋದ ಮೇಲೆ ಮನೆಯಲ್ಲಿ ಏನು ಮಾಡಬೇಕೆಂದು ಮಾಡಿ ತೋರಿಸುತ್ತೀರಾ?

ಬಾಗಿಲ ಹೊರಗೇ ಕೂರಿಸುವ, ಐದನೆಯ ಪ್ರಶ್ನೆಗೆ ಸಿಟ್ಟಾಗುವ ಜಾಗದಿಂದ ಎದ್ದು ಬರುವುದು ಲೇಸು.

ಮತ್ತೆ ಆ ಹುಡುಗನ ಮನೆಗೆ ಬರೋಣ. ಮೂರು ತಿಂಗಳ ಕೊನೆಯಲ್ಲಿ ಸಾಲ ಉಳಿಯಿತು, ಮಗು ಹಾಗೆಯೇ ಇದೆ ಎಂದು ಮನೆಯವರು ಕೈಚೆಲ್ಲಬಹುದು. ಹಾಗಾದರೆ ಅವನ ಮುಂದಿನ ವರ್ಷಗಳೂ ಚರಗಿ ತಿರುಗಿಸುತ್ತಲೇ ಕಳೆದಾವು. ಇಲ್ಲವೇ ತಾಯಿ ಬಾಗಿಲು ತಟ್ಟಿ ಒಳಗೆ ಹೋಗಿ, ‘ಅಕ್ಕಾರ, ಅಂವ ಒಲ್ಲೆ ಅಂದಾನ್ರಿ’ ಎಂದು ಹೇಳಬಹುದು. ಚಿಕಿತ್ಸಕಿ ಕಾರ್ಡನ್ನು ಕೆಳಗಿಟ್ಟು, ಪಟ್ಟಿಯಲ್ಲಿ ಹಾಕಿದ ಗುರುತನ್ನು ಹೊಡೆದುಹಾಕಿ, ‘ಒಲ್ಲೆ ಅಂದಿಯಾ? ಆಯ್ತಪ್ಪಾ, ತೆಗೆದೆ’ ಎನ್ನಬಹುದು. ನಿಜವಾದ ಚಿಕಿತ್ಸೆ ಆರಂಭವಾಗುವುದು ಅಲ್ಲಿಂದ. ನಿಮ್ಮ ಮಗುವಿನ ಮಾತು ಬಲ್ಲವರು ನೀವು. ಬಾಗಿಲು ತಟ್ಟಲು ಅಂಜಬೇಡಿ.